ಎಂಜಿನಿಯರುಗಳ ಸಭೆಗಳು ಮತ್ತು ಗಡಿನಾಡಿನ ಕನ್ನಡ ಶಾಲೆ



ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನವಾದ ಸೆಪ್ಟೆಂಬರ್ 15ರಂದು ಪ್ರತಿವರ್ಷ ದೇಶದಾದ್ಯಂತ ಎಂಜಿನಿಯರುಗಳ ದಿನಾಚರಣೆ ನಡೆಯುತ್ತದೆ. ಆ ದಿನದ ಹಿಂದುಮುಂದಿನ ವಾರಗಳಲ್ಲಿ ಜಿಲ್ಲಾ ಕೇಂದ್ರಗಳಲ್ಲಿಯೂ ಕೈಗಾರಿಕಾ ಪಟ್ಟಣಗಳಲ್ಲಿಯೂ ಉಪನ್ಯಾಸಗಳು, ವಿಚಾರಗೋಷ್ಠಿಗಳು ಏರ್ಪಡುತ್ತವೆ. 1920ರಲ್ಲಿ ಸ್ಥಾಪಿತವಾಗಿ 1935ರಲ್ಲಿ ರಾಜಸನ್ನದು ಪಡೆದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಸಂಸ್ಥೆಗೆ ದೇಶದ ಹಲವೆಡೆ ರಾಜ್ಯ ಕೇಂದ್ರಗಳೂ ಸ್ಥಳೀಯ ಕೇಂದ್ರಗಳೂ ಇವೆ. ಇದಲ್ಲದೆ ಪಾಲಿಟೆಕ್ನಿಕ್‌ಗಳು, ಎಂಜಿನಿಯರಿಂಗ್ ಕಾಲೇಜುಗಳು, ನೀರಾವರಿ ಮತ್ತು ವಿದ್ಯುತ್ ಇಲಾಖೆಗಳ ನೌಕರರ ಸಂಘಗಳು ತಮ್ಮ ತಮ್ಮ ಮಟ್ಟದಲ್ಲಿ ಸಭೆಗಳನ್ನು ನಡೆಸುವುದುಂಟು. ಇಂಥ ಸಭೆಗಳಲ್ಲಿ ಹಲವು ಸಾರ್ವಜನಿಕರಿಗೆ ತೆರೆದಿರುತ್ತವೆ. ಆದರೂ ಅವುಗಳ ಕರೆಯೋಲೆ ಗಡಿನಾಡಿನ ಕನ್ನಡ ಶಾಲೆಯನ್ನು ತಲುಪುವುದು ಅಪರೂಪ. ತಲುಪಿದರೂ ‘ಇದು ನಮ್ಮ ಮಕ್ಕಳಿಗೆ ನಿಲುಕುವ ವಿಷಯವಲ್ಲ’ ಎಂದು ಬದಿಗಿಡುವುದೇ ಹೆಚ್ಚು.

ಮುಂಬರುವ ಇಂಥ ಸಭೆಗಳನ್ನು ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ತಮ್ಮವನ್ನಾಗಿ ಮಾಡಿಕೊಳ್ಳುವ ಬಗೆ ಹೇಗೆ, ಯಾವ ಪ್ರದೇಶದ ಶಾಲೆ ಯಾವ ವಿಷಯದ ಮೇಲೆ ಉಪನ್ಯಾಸವನ್ನು ಅಪೇಕ್ಷಿಸಬಹುದು, ಅದಕ್ಕೆ ಅಧ್ಯಾಪಕರು ಮಾಡಬೇಕಾದ ಪೂರ್ವಸಿದ್ಧತೆ ಏನು ಎಂಬುದೇ ಈ ಉಪನ್ಯಾಸದ ವಿಷಯ.

ಇದರ ಅಗತ್ಯ

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ವರ್ಗದ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಗೆ ತಕ್ಕ ಅನುಕೂಲ ಕಲ್ಪಿಸಬೇಕೆಂದು ಹೇಳುತ್ತದೆ. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ ಈ ವಿಧಿ ಪ್ರಾಥಮಿಕ ಹಂತಕ್ಕೆ ನಿಲ್ಲುತ್ತದೆ. ಪ್ರೌಢಶಾಲೆಯ ಬಳಿಕ ವಿದ್ಯಾರ್ಥಿಯು ಐಟಿಐಗೆ ಹೋಗಲಿ, ಡಿಪ್ಲೊಮಾಕ್ಕೆ ಹೋಗಲಿ, ಕಾಲೇಜಿಗೆ ಹೋಗಲಿ, ಬೋಧನೆಯು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿಯೋ ಆಯಾ ರಾಜ್ಯದ ಭಾಷೆಯಲ್ಲಿಯೋ ನಡೆಯುತ್ತದೆ. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡವೂ ಸೇರಿದಂತೆ ಕೆಲವು ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಪದವಿ ಬೋಧನೆಗೆ ಅನುಮತಿ ನೀಡಿತು. ಅನುಮತಿ ದೊರೆತುದರಿಂದಲೇ ಬಳಕೆ ಬಂದುಬಿಡುವುದಿಲ್ಲ. ಗಡಿಯಾಚೆಯ ವಿದ್ಯಾರ್ಥಿಗೆ ಆ ಅವಕಾಶ ಇನ್ನೂ ದೂರದ್ದು.

ಭಾಷೆ ಬದಲಾಗುವ ಈ ಘಟ್ಟದಲ್ಲಿ ವಿದ್ಯಾರ್ಥಿಗೆ ಆಗುವ ದೊಡ್ಡ ನಷ್ಟ ಅಂಕಗಳದ್ದಲ್ಲ. ತನಗೆ ಗೊತ್ತಿರುವುದನ್ನೇ ಗೊತ್ತಿಲ್ಲವೆಂದು ಅವನು ತಿಳಿದುಬಿಡುತ್ತಾನೆ. ಕೆರೆಯ ಏರಿಯ ಮೇಲೆ ಓಡಾಡಿ ಬೆಳೆದ ಹುಡುಗಿಗೆ ತೂಬು ಎಂದರೇನು, ಕೋಡಿ ಎಂದರೇನು, ಕೋಡಿ ಬಿದ್ದಾಗ ನೀರು ಎತ್ತ ಹರಿಯುತ್ತದೆ ಎಂಬುದು ಚೆನ್ನಾಗಿ ಗೊತ್ತು. ಅದೇ ಹುಡುಗಿ ತರಗತಿಯಲ್ಲಿ ‘ಸ್ಲೂಯಿಸ್’, ‘ವೇಸ್ಟ್ ವಿಯರ್’ ಎಂಬ ಪದಗಳನ್ನು ಕೇಳಿದಾಗ ತಾನು ಕಾಣದ ಯಾವುದೋ ಲೋಕದ ಮಾತೆಂದು ಭಾವಿಸಿ ಮೌನ ವಹಿಸುತ್ತಾಳೆ. ಈ ಮೌನ ಒಂದೆರಡು ವರ್ಷ ಮುಂದುವರಿದರೆ ಓದು ಅಲ್ಲಿಗೇ ನಿಲ್ಲುವ ಸಂಭವವಿದೆ. ಆದುದರಿಂದ ಭಾಷೆ ಬದಲಾಗುವುದಕ್ಕೆ ಮೊದಲೇ, ಎಂಟು, ಒಂಬತ್ತು, ಹತ್ತನೆಯ ತರಗತಿಗಳಲ್ಲಿಯೇ, ತನ್ನ ಊರಿನ ತಿಳಿವಳಿಕೆಗೂ ಎಂಜಿನಿಯರನ ತಿಳಿವಳಿಕೆಗೂ ನಡುವೆ ಗೋಡೆಯಿಲ್ಲವೆಂಬುದನ್ನು ವಿದ್ಯಾರ್ಥಿಯು ಕಿವಿಯಾರೆ ಕೇಳಬೇಕು. ಅದಕ್ಕೆ ಎಂಜಿನಿಯರುಗಳ ಸಭೆ ತಕ್ಕ ಸ್ಥಳ.

ಭಾಷೆಯ ಕೆಲಸವೂ ಯಂತ್ರವಿದ್ಯೆಯ ಕೆಲಸವೂ ಪರಸ್ಪರ ದೂರದವೆಂದು ಹಿಂದಿನವರು ಎಣಿಸಲಿಲ್ಲ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು. 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ಅವರ ಸಂಗಡಿಗರು ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರತಂದರು. 1936ರಲ್ಲಿ ಶಿವರಾಮ ಕಾರಂತರ ‘ಬಾಲ ಪ್ರಪಂಚ’ ಮಕ್ಕಳ ಕೈಗೆ ಬಂದಿತು. ವಿಶ್ವೇಶ್ವರಯ್ಯನವರ ಕೆಲಸವೂ ಒಂದು ಸೀಮೆಗೆ ಕಟ್ಟುಬಿದ್ದುದಲ್ಲ. ಪುಣೆಯ ಬಳಿಯ ಖಡಕ್ವಾಸಲಾ ಜಲಾಶಯದಲ್ಲಿ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳು ಬಳಕೆಗೆ ಬಂದವು. 1908ರ ಮೂಸಿ ನದಿಯ ಪ್ರವಾಹದ ಬಳಿಕ ಹೈದರಾಬಾದ್ ನಗರದ ರಕ್ಷಣೆಗೆ ಅವರು ಯೋಜನೆ ಕೊಟ್ಟರು. ಮಹಾರಾಷ್ಟ್ರದ, ತೆಲಂಗಾಣದ ಕನ್ನಡ ಶಾಲೆಗಳು ಸೆಪ್ಟೆಂಬರ್ 15ನ್ನು ಆಚರಿಸುವಾಗ ತಮ್ಮ ರಾಜ್ಯದ ನೆಲದಲ್ಲಿಯೇ ನಡೆದ ಈ ಕೆಲಸಗಳಿಂದ ಮಾತನ್ನು ಆರಂಭಿಸುವುದು ಉಚಿತ.

ಉಪನ್ಯಾಸ ಬೇರೆ, ಗೋಷ್ಠಿ ಬೇರೆ

ಉಪನ್ಯಾಸದಲ್ಲಿ ಒಬ್ಬರು ಒಂದು ವಿಷಯವನ್ನು ಆದಿಯಿಂದ ಅಂತ್ಯದವರೆಗೆ ವಿವರಿಸುತ್ತಾರೆ. ಗೋಷ್ಠಿಯಲ್ಲಿ ಮೂವರು ನಾಲ್ವರು ಒಂದೇ ಸಮಸ್ಯೆಯನ್ನು ತಮ್ಮ ತಮ್ಮ ಹೊಣೆಯ ಕಡೆಯಿಂದ ನೋಡುತ್ತಾರೆ. ಒಬ್ಬರು ಅಧ್ಯಕ್ಷರಾಗಿ ಮಾತನ್ನು ನಡೆಸುತ್ತಾರೆ. ಊರಿಗೆ ಕುಡಿಯುವ ನೀರಿನ ಮೇಲ್ತೊಟ್ಟಿ ಕಟ್ಟುವ ವಿಷಯವನ್ನೇ ತೆಗೆದುಕೊಳ್ಳಬಹುದು. ನಕ್ಷೆ ಬರೆದ ಎಂಜಿನಿಯರಿಗೆ ತೊಟ್ಟಿಯ ಎತ್ತರ ಮುಖ್ಯ. ಗುತ್ತಿಗೆದಾರನಿಗೆ ಸಿಮೆಂಟು ಕಬ್ಬಿಣಗಳ ದರ ಮುಖ್ಯ. ನೀರು ಬಿಡುವ ವಾಟರ್‌ಮ್ಯಾನ್‌ಗೆ ವಾಲ್ವು ಎಲ್ಲಿದೆಯೆಂಬುದು ಮುಖ್ಯ. ಕೊನೆಯ ಬೀದಿಯ ಮನೆಯವರಿಗೆ ನೀರು ಯಾವ ಹೊತ್ತಿಗೆ ಬರುತ್ತದೆಂಬುದು ಮುಖ್ಯ. ನಾಲ್ವರ ಮಾತೂ ನಿಜ. ಆದರೆ ಒಬ್ಬರ ಮಾತಿನಲ್ಲಿ ಇಡೀ ಸಮಸ್ಯೆ ಅಡಗುವುದಿಲ್ಲ.

ಈ ಅಂತರವನ್ನು ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸದಿದ್ದರೆ ಗೋಷ್ಠಿಯಲ್ಲಿ ಕಾಣುವ ಭಿನ್ನಾಭಿಪ್ರಾಯವನ್ನು ಅವರು ಜಗಳವೆಂದೋ ಅಜ್ಞಾನವೆಂದೋ ತಪ್ಪು ತಿಳಿದಾರು. ಒಂದು ನಿರ್ಮಾಣಕ್ಕೆ ಒಂದೇ ಸರಿಯುತ್ತರವಿರುವುದಿಲ್ಲ. ಖರ್ಚು, ಸುರಕ್ಷತೆ, ಬಾಳಿಕೆ, ಅನುಕೂಲ ಇವುಗಳ ನಡುವೆ ತೂಗಿ ನೋಡಿ ನಿರ್ಧರಿಸುವುದೇ ಎಂಜಿನಿಯರನ ಕೆಲಸವೆಂಬುದು ಗೋಷ್ಠಿಯಿಂದ ಕಲಿಯಬೇಕಾದ ಮೊದಲ ಪಾಠ.

ಪ್ರದೇಶಕ್ಕೆ ತಕ್ಕ ವಿಷಯ

ಸಂಘಗಳು ಸಾಮಾನ್ಯವಾಗಿ ಆಯ್ಕೆಮಾಡುವ ವಿಷಯಗಳು ದೇಶದ ಮಟ್ಟದವು. ಶಾಲೆಯು ಮುಂಚಿತವಾಗಿ ಪತ್ರ ಬರೆದು ಕೇಳಿಕೊಂಡರೆ ಸ್ಥಳೀಯ ವಿಷಯದ ಮೇಲೆ ಅರ್ಧ ಗಂಟೆಯ ಉಪನ್ಯಾಸವನ್ನು ಸೇರಿಸಲು ಅವರಿಗೆ ಕಷ್ಟವಾಗದು. ಕೇಳಬಹುದಾದ ಕೆಲವು ವಿಷಯಗಳನ್ನು ಇಲ್ಲಿ ಸೂಚಿಸಲಾಗಿದೆ.

ಕಾಸರಗೋಡಿನ ಶಾಲೆಗಳಿಗೆ ಸುರಂಗಕ್ಕಿಂತ ಉತ್ತಮ ವಿಷಯ ಬೇರೆ ಬೇಕಿಲ್ಲ. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು, ಒಬ್ಬ ಮನುಷ್ಯ ಹಿಡಿಸುವಷ್ಟು ಅಗಲದ ದಾರಿ ಮಾಡಿ, ಗುಡ್ಡದೊಳಗಿನ ಒಸರನ್ನು ಹೊರಗೆ ತರುವ ಈ ವಿದ್ಯೆಯಲ್ಲಿ ಪಂಪು ಇಲ್ಲ, ವಿದ್ಯುತ್ತು ಇಲ್ಲ. ತಳವು ಬಾಯಿಯ ಕಡೆಗೆ ತುಸುವೇ ಇಳಿಜಾರಾಗಿರುವುದರಿಂದ ನೀರು ತಾನಾಗಿ ಹರಿದು ಬಂದು ತೊಟ್ಟಿಯನ್ನು ಸೇರುತ್ತದೆ. ಒಳಗೆ ಅಗೆಯುವವರು ದೀಪವನ್ನು ಇಟ್ಟುಕೊಳ್ಳುವುದು ಬೆಳಕಿಗೆ ಮಾತ್ರವಲ್ಲ. ದೀಪ ಮಂಕಾದರೆ ಉಸಿರಾಟಕ್ಕೆ ತಕ್ಕ ಗಾಳಿ ಇಲ್ಲವೆಂದು ತಿಳಿದು ಹೊರಬರುತ್ತಾರೆ. ಉದ್ದದ ಸುರಂಗಗಳಿಗೆ ಮೇಲಿನಿಂದ ಗಾಳಿಯ ಕಂಡಿ ತೆಗೆಯುವುದೂ ಉಂಟು. ಇಳಿಜಾರು, ಗುರುತ್ವ, ದಹನಕ್ಕೆ ಬೇಕಾದ ಆಮ್ಲಜನಕ, ಶಿಲೆಯ ರಂಧ್ರಗಳಲ್ಲಿ ನೀರಿನ ಚಲನೆ ಎಂಬ ಪಠ್ಯಪುಸ್ತಕದ ನಾಲ್ಕು ಪಾಠಗಳು ಒಂದೇ ಸುರಂಗದಲ್ಲಿವೆ. ಅನುಭವಿಯಾದ ಸುರಂಗ ಕೆಲಸದವರನ್ನೂ ಅಂತರ್ಜಲದ ಎಂಜಿನಿಯರನ್ನೂ ಒಂದೇ ಗೋಷ್ಠಿಯಲ್ಲಿ ಕೂರಿಸಿ, ಕೊಳವೆಬಾವಿಗಳು ಹೆಚ್ಚಿದರೆ ಸುರಂಗದ ನೀರಿಗೆ ಏನಾಗುತ್ತದೆಂದು ವಿದ್ಯಾರ್ಥಿಗಳಿಂದ ಕೇಳಿಸಬಹುದು. ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡಲಾಗಿ ಹಾಕುವ ಕಟ್ಟವೂ ಇದೇ ಬಗೆಯ ವಿಷಯ.

ನೀಲಗಿರಿಯ ಶಾಲೆಗಳಿಗೆ ಬೆಟ್ಟದ ರೈಲೂ ಪೈಕಾರಾ ವಿದ್ಯುದಾಗಾರವೂ ಇವೆ. 1899ರಲ್ಲಿ ಕೂನೂರಿನವರೆಗೆ, 1908ರಲ್ಲಿ ಉದಕಮಂಡಲದವರೆಗೆ ತಲುಪಿದ ಈ ರೈಲುಮಾರ್ಗದ ಉದ್ದ 46 ಕಿಲೋಮೀಟರು. ಕಡಿದಾದ ಭಾಗದಲ್ಲಿ ಹಳಿಗಳ ನಡುವೆ ಹಲ್ಲುಪಟ್ಟಿಯಿದೆ. ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಏರುತ್ತದೆ. ನಯವಾದ ಹಳಿಯ ಮೇಲೆ ನಯವಾದ ಗಾಲಿ ಇಷ್ಟು ಕಡಿದಾದ ಏರನ್ನು ಏಕೆ ಹತ್ತಲಾರದು ಎಂಬ ಪ್ರಶ್ನೆಯಿಂದ ಘರ್ಷಣೆಯ ಪಾಠ ಆರಂಭವಾಗಲಿ. ಇನ್ನು, 1932ರಲ್ಲಿ ವಿದ್ಯುತ್ ಉತ್ಪಾದನೆ ಆರಂಭಿಸಿದ ಪೈಕಾರಾದಲ್ಲಿ ನೀರು 900 ಮೀಟರಿಗೂ ಹೆಚ್ಚು ಎತ್ತರದಿಂದ ಕೊಳವೆಗಳಲ್ಲಿ ಇಳಿಯುತ್ತದೆ. ಪ್ರತಿ 10 ಮೀಟರ್ ಆಳಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ತೂಕದಷ್ಟು ಒತ್ತಡ ಏರುತ್ತದೆಂಬ ಲೆಕ್ಕ ಹಿಡಿದರೆ, ಬುಡದಲ್ಲಿ ಹೆಬ್ಬೆಟ್ಟಿನ ಉಗುರಿನಷ್ಟು ಜಾಗದ ಮೇಲೆ 90 ಕಿಲೋಗ್ರಾಂ ಭಾರ ಕುಳಿತಂತೆ. ಕೊಳವೆಯ ಗೋಡೆ ಕೆಳಗೆ ಹೋದಂತೆ ದಪ್ಪವಾಗಬೇಕೇಕೆ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಡ.

ಸೊಲ್ಲಾಪುರದ ಮಕ್ಕಳಿಗೆ ನಗರದ ಹತ್ತಿರವೇ ಏಕ್ರೂಖ್ ಕೆರೆಯಿದೆ; 1871ರಲ್ಲಿ ಪೂರ್ಣಗೊಂಡ ಅದರ ಮಣ್ಣಿನ ಏರಿ ಬರಗಾಲದ ಸೀಮೆಯ ನೀರಾವರಿ ಚರಿತ್ರೆಯನ್ನು ಹೇಳಬಲ್ಲದು. ಜತ್ತದ ಕಡೆಗೆ ಕೃಷ್ಣಾ ನದಿಯ ನೀರು ಮ್ಹೈಸಾಳ ಏತ ನೀರಾವರಿಯ ಮೂಲಕ ಬರುತ್ತದೆ. 1,000 ಲೀಟರ್ ನೀರನ್ನು 100 ಮೀಟರ್ ಎತ್ತಲು, ಯಾವ ನಷ್ಟವೂ ಇಲ್ಲವೆಂದು ಎಣಿಸಿದರೂ, ಸುಮಾರು 0.27 ಯೂನಿಟ್ ವಿದ್ಯುತ್ ಬೇಕು. ಈ ಲೆಕ್ಕವನ್ನು ವಿದ್ಯಾರ್ಥಿಗಳು ಕರಿಹಲಗೆಯ ಮೇಲೆ ಮಾಡಿಕೊಂಡು ಹೋದರೆ, ಏತ ನೀರಾವರಿಯ ಗೋಷ್ಠಿಯಲ್ಲಿ ವಿದ್ಯುತ್ ಬಿಲ್ಲಿನ ಮಾತು ಬಂದಾಗ ಅದರ ಮೂಲ ಅವರಿಗೆ ತಿಳಿದಿರುತ್ತದೆ.

ಹೊಸೂರಿನ ಶಾಲೆಗಳ ಸುತ್ತ ವಾಹನಗಳ, ಗಡಿಯಾರಗಳ ಕಾರ್ಖಾನೆಗಳೇ ಇವೆ. ಅಲ್ಲಿ ಅಳತೆಯ ನಿಖರತೆ ಎಂಬ ಒಂದೇ ವಿಷಯ ಸಾಕು. ವಯನಾಡಿನಲ್ಲಿ ಬಾಣಾಸುರ ಸಾಗರದ ಮಣ್ಣಿನ ಅಣೆಕಟ್ಟನ್ನು, ಗೋವೆಯಲ್ಲಿ ಕೊಂಕಣ ರೈಲಿನ ಸುರಂಗ ಸೇತುವೆಗಳನ್ನು ಆರಿಸಿಕೊಳ್ಳಬಹುದು.

ತುಂಗಭದ್ರೆಯ ಹತ್ತೊಂಬತ್ತನೆಯ ಬಾಗಿಲು

ಆದವಾನಿ, ರಾಯದುರ್ಗ, ಮಡಕಶಿರಾ ಸೀಮೆಯ ಶಾಲೆಗಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅಗತ್ಯ. ಏಕೆಂದರೆ ಒಂದು ಗೋಷ್ಠಿಯನ್ನು ಪಾಠವನ್ನಾಗಿ ಮಾರ್ಪಡಿಸುವ ಕ್ರಮವನ್ನು ಇದರಿಂದ ಇತರ ಶಾಲೆಗಳೂ ಅರಿಯಬಹುದು.

ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿನಿಂದ ಕೆಳಮಟ್ಟದ ಕಾಲುವೆಯು ಆದವಾನಿಯ ಕಡೆಗೂ ಮೇಲ್ಮಟ್ಟದ ಕಾಲುವೆಯು ಅನಂತಪುರದ ಕಡೆಗೂ ನೀರನ್ನು ಒಯ್ಯುತ್ತವೆ. ಅಣೆಕಟ್ಟಿನ ಮೇಲೆ 33 ಬಾಗಿಲುಗಳಿವೆ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಬಾಗಿಲಿನ ಸರಪಣಿ ತುಂಡಾಗಿ ಬಾಗಿಲು ಕೊಚ್ಚಿಹೋಯಿತು. ಜಲಾಶಯ ತುಂಬಿದ್ದ ಕಾಲ ಅದು. ಅಣೆಕಟ್ಟಿನ ಮೇಲಿನ ಒತ್ತಡ ತಗ್ಗಿಸಲು ಉಳಿದ ಬಾಗಿಲುಗಳಿಂದಲೂ ನೀರು ಬಿಡಬೇಕಾಯಿತು. ಬಾಗಿಲುಗಳ ತಜ್ಞರಾದ ಎನ್. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ತಾತ್ಕಾಲಿಕ ತಡೆಗಳನ್ನು ಒಂದರ ಮೇಲೊಂದರಂತೆ ಇಳಿಸಿ, ಸುಮಾರು ಒಂದು ವಾರದೊಳಗೆ ಆ ಕಂಡಿಯನ್ನು ಮುಚ್ಚಲಾಯಿತು. ಕಾಲುವೆಯ ಕೊನೆಯವರೆಗಿನ ರೈತರು ಆ ವಾರವನ್ನು ಆತಂಕದಿಂದ ಕಳೆದರು. ಅವರ ಮಕ್ಕಳೇ ಈ ಶಾಲೆಗಳಲ್ಲಿ ಓದುತ್ತಿರುವವರು.

ಈ ಘಟನೆಯಲ್ಲಿ ಒಂಬತ್ತನೆಯ ತರಗತಿಗೆ ಒಪ್ಪುವ ಲೆಕ್ಕವೊಂದಿದೆ. ಬಾಗಿಲಿನ ಅಗಲ 60 ಅಡಿ, ಎತ್ತರ 20 ಅಡಿ. ಎಂದರೆ ಸುಮಾರು 18.3 ಮೀಟರ್ ಮತ್ತು 6.1 ಮೀಟರ್. ವಿಸ್ತೀರ್ಣ ಸುಮಾರು 112 ಚದರ ಮೀಟರ್. ನೀರು ಬಾಗಿಲಿನ ಮೇಲಂಚಿನವರೆಗೆ ನಿಂತಾಗ ಒತ್ತಡ ಮೇಲೆ ಸೊನ್ನೆ, ಬುಡದಲ್ಲಿ ಗರಿಷ್ಠ. ಸರಾಸರಿ ಆಳ 3.05 ಮೀಟರ್. ಪ್ರತಿ ಚದರ ಮೀಟರಿಗೆ ಸರಾಸರಿ 3.05 ಟನ್ ಎಂದಾದರೆ ಒಟ್ಟು ಸುಮಾರು 340 ಟನ್. ಈ ಒತ್ತಡ ಬಾಗಿಲನ್ನು ಅಡ್ಡಲಾಗಿ ತಳ್ಳುತ್ತದೆ. ಸರಪಣಿ ಹೊರುವುದು ಬಾಗಿಲಿನ ಸ್ವಂತ ತೂಕವನ್ನು, ಎತ್ತುವಾಗ ಅದರೊಡನೆ ಘರ್ಷಣೆಯನ್ನೂ. ಎರಡು ಬಲಗಳ ದಿಕ್ಕು ಬೇರೆಯೆಂಬುದನ್ನು ಚಿತ್ರ ಬರೆದು ತೋರಿಸಿದ ತರಗತಿಯ ಮಕ್ಕಳು ಗೋಷ್ಠಿಯಲ್ಲಿ ಕೇಳುವ ಪ್ರಶ್ನೆಗಳೇ ಬೇರೆಯಾಗಿರುತ್ತವೆ. ಸರಪಣಿಯ ಸವೆತವನ್ನು ಪರೀಕ್ಷಿಸುವುದು ಹೇಗೆ? ಜಲಾಶಯ ತುಂಬಿರುವಾಗ ಬಾಗಿಲನ್ನು ದುರಸ್ತಿಮಾಡುವ ಉಪಾಯವೇನು? ಬದಲಿ ತಡೆಗಳನ್ನು ಮೊದಲೇ ಸಿದ್ಧವಾಗಿಟ್ಟರೆ ಅದರ ಖರ್ಚನ್ನು ಯಾರು ಭರಿಸಬೇಕು?

ಕೊನೆಯ ಪ್ರಶ್ನೆ ಸರಳವಲ್ಲ. ಅಣೆಕಟ್ಟಿನ ನೀರಿಗೆ ಮೂರು ರಾಜ್ಯಗಳು ಪಾಲುದಾರರು. ಇಲ್ಲಿ ಹಳೆಯದೊಂದು ಶಾಸನವನ್ನು ನೆನೆಯುವುದು ಪ್ರಸ್ತುತ. ಕಡಪಾ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಸಂಸ್ಕೃತ ಶಾಸನವಿದೆ. ವಿಜಯನಗರದ ರಾಜಕುಮಾರ ಭಾಸ್ಕರನು ಕಟ್ಟಿಸಿದ ಕೆರೆಯ ವಿಷಯವಾಗಿ ಹೇಳುವ ಅದು, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಸಲ್ಲದ ಆರು ದೋಷಗಳನ್ನೂ ಎಣಿಸುತ್ತದೆ. ಏರಿಯಿಂದ ನೀರು ಜಿನುಗುವುದು, ಚೌಳು ಮಣ್ಣು, ನೀರು ಕಡಿಮೆಯಾಗಿ ಭೂಮಿ ಹೆಚ್ಚಾಗಿರುವುದು ಮುಂತಾದ ದೋಷಗಳ ಸಾಲಿನಲ್ಲಿ ಎರಡು ರಾಜ್ಯಗಳ ಗಡಿಯಲ್ಲಿರುವುದನ್ನೂ ಶಾಸನ ಸೇರಿಸಿದೆ. ಗಡಿಯ ಮೇಲಿನ ನೀರು ವಿವಾದಕ್ಕೆ ಎಡೆಯೆಂದು ಆ ಕಾಲದವರು ಕಂಡಿದ್ದರು. ಇಂದಿನವರು ಗಡಿಯ ನೀರನ್ನು ಬಿಟ್ಟುಕೊಡದೆ, 1953ರಲ್ಲಿ ತುಂಗಭದ್ರಾ ಮಂಡಳಿಯನ್ನು ರಚಿಸಿ ಜಂಟಿ ನಿರ್ವಹಣೆಗೆ ಒಪ್ಪಿಸಿದರು. ಎಂಜಿನಿಯರನ ಕೆಲಸದಲ್ಲಿ ಕಲ್ಲು ಗಾರೆಗಳಷ್ಟೇ ಒಡಂಬಡಿಕೆಯೂ ಸೇರಿದೆ ಎಂಬುದನ್ನು ಗಡಿನಾಡಿನ ಮಕ್ಕಳಿಗಿಂತ ಬೇಗ ಗ್ರಹಿಸುವವರು ಇರಲಾರರು.

ಸಭೆಗೆ ಮೊದಲು, ಸಭೆಯಲ್ಲಿ, ಸಭೆಯ ಅನಂತರ

ಸಭೆಗೆ ಎರಡು ವಾರ ಮೊದಲು ವಿಷಯವನ್ನು ತಿಳಿದುಕೊಂಡು, ಅದಕ್ಕೆ ಹೊಂದುವ ಪಠ್ಯಪುಸ್ತಕದ ಪಾಠವನ್ನು ಮುಂದಕ್ಕೆ ತಂದು ಬೋಧಿಸಬೇಕು. ಸಾಧ್ಯವಾದರೆ ಕೆರೆ, ಕಾಲುವೆ, ಸುರಂಗ ಅಥವಾ ಗಿರಣಿಯನ್ನು ಮಕ್ಕಳೊಡನೆ ನೋಡಿಬರಬೇಕು. ನೀರಿನ ಅಥವಾ ಯಂತ್ರದ ಸ್ಥಳಕ್ಕೆ ಹೋಗುವಾಗ ಸಂಬಂಧಪಟ್ಟವರ ಅನುಮತಿಯೂ ಹಿರಿಯರ ಮೇಲ್ವಿಚಾರಣೆಯೂ ಇರಲೇಬೇಕು. ಪ್ರತಿಯೊಬ್ಬ ವಿದ್ಯಾರ್ಥಿಯು ಒಂದು ಪ್ರಶ್ನೆಯನ್ನು ಕನ್ನಡದಲ್ಲಿ ಬರೆಯಬೇಕು. ಅವುಗಳಲ್ಲಿ ಐದನ್ನು ಆರಿಸಿ, ಸಭೆಯ ಭಾಷೆಗೆ ಅನುವಾದಿಸುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಬೇಕು. ಮಲಯಾಳ, ತಮಿಳು, ಮರಾಠಿ, ತೆಲುಗು ಭಾಷೆಗಳನ್ನು ಬೀದಿಯಲ್ಲಿ ಸಲೀಸಾಗಿ ಆಡುವ ಮಕ್ಕಳಿಗೆ ಇದು ಹೊರೆಯಲ್ಲ. ಅವರ ಎರಡು ಭಾಷೆಗಳ ಬಲಕ್ಕೆ ಶಾಲೆಯಲ್ಲಿ ದೊರೆಯುವ ಮನ್ನಣೆ.

ಸಭೆಯಲ್ಲಿ ವಿದ್ಯಾರ್ಥಿಗಳು ಎಲ್ಲವನ್ನೂ ಬರೆದುಕೊಳ್ಳಲು ಯತ್ನಿಸಬಾರದು. ಹೊಸದಾಗಿ ಕೇಳಿದ ಪದ, ತಿಳಿಯದೆ ಉಳಿದ ಮಾತು, ಹೇಳಿದ ಒಂದು ಅಳತೆ ಇವು ಮೂರನ್ನು ಗುರುತುಹಾಕಿಕೊಂಡರೆ ಸಾಕು. ಪ್ರಶ್ನೆಯ ಸಮಯ ಬಂದಾಗ ಅಧ್ಯಾಪಕರು ತಾವೇ ಎದ್ದು ಕೇಳದೆ ವಿದ್ಯಾರ್ಥಿಯನ್ನು ಎಬ್ಬಿಸಬೇಕು. ಮೊದಲು ಕನ್ನಡದಲ್ಲಿ ಕೇಳಿ ಬಳಿಕ ಸಭೆಯ ಭಾಷೆಯಲ್ಲಿ ಹೇಳುವುದಕ್ಕೆ ಅಧ್ಯಕ್ಷರ ಒಪ್ಪಿಗೆಯನ್ನು ಮುಂಚೆಯೇ ಪಡೆದಿರುವುದು ಒಳ್ಳೆಯದು.

ಸಭೆಯ ಅನಂತರದ ಕೆಲಸವೇ ಹೆಚ್ಚಿನದು. ಮರುದಿನ ಶಾಲೆಯಲ್ಲಿ ಮಕ್ಕಳೇ ಚಿಕ್ಕ ಗೋಷ್ಠಿ ನಡೆಸಲಿ: ಒಬ್ಬಳು ಎಂಜಿನಿಯರು, ಒಬ್ಬ ರೈತ, ಒಬ್ಬ ಕಾರ್ಮಿಕ, ಒಬ್ಬಳು ಪಂಚಾಯತಿಯ ಅಧ್ಯಕ್ಷೆ. ಸಭೆಗೆ ಹೋಗಲಾಗದ ಕೆಳ ತರಗತಿಯ ಮಕ್ಕಳು ಅದರ ಶ್ರೋತೃಗಳಾಗಲಿ. ತಿಳಿಯದೆ ಉಳಿದ ಮಾತುಗಳನ್ನು ಪತ್ರದ ಮೂಲಕ ಉಪನ್ಯಾಸಕರಿಗೆ ಕಳುಹಿಸಿದರೆ ಸಂಬಂಧ ಮುಂದಿನ ವರ್ಷಕ್ಕೂ ಉಳಿಯುತ್ತದೆ.

ಪದಗಳ ವಿಷಯ

ಪದಕೋಶದ ವಿಷಯದಲ್ಲಿ ಎರಡು ಅತಿರೇಕಗಳನ್ನು ವರ್ಜಿಸಬೇಕು. ವಾಲ್ವು, ಪಂಪು, ಬೋಲ್ಟು, ಮೋಟಾರು ಇವು ಈಗ ಕನ್ನಡವೇ. ಅವಕ್ಕೆ ಯಾರೂ ಆಡದ ಸಂಸ್ಕೃತ ಪದಗಳನ್ನು ಹುಡುಕುವುದು ವ್ಯರ್ಥ. ಹಾಗೆಯೇ ಏರಿ, ತೂಬು, ಕೋಡಿ, ಮಟ್ಟ, ತೂಗುಗುಂಡು, ಸನ್ನೆ, ರಾಟೆ ಮುಂತಾದ ಮಾತುಗಳಿರುವಾಗ ಅವನ್ನು ಮರೆತು ಇಂಗ್ಲಿಷ್ ಪದವನ್ನಷ್ಟೇ ಉರುಹೊಡೆಸುವುದೂ ನಷ್ಟ. ಮೈಸೂರಿನ ನೀರಾವರಿಯ ಇಂಗ್ಲಿಷ್ ವರದಿಗಳಲ್ಲಿ ‘ಅಚ್ಚುಕಟ್ಟು’ ಎಂಬ ಕನ್ನಡದ ಪದವೇ ಪಾರಿಭಾಷಿಕವಾಗಿ ಬಳಕೆಯಾಗಿದೆ; ಕೆಲಸ ಮಾಡುವವರ ಮಾತು ಬರೆಯುವವರ ಮಾತಾದುದಕ್ಕೆ ಇದು ಸಾಕ್ಷಿ. ಶಾಲೆಯ ಗೋಡೆಯ ಮೇಲೆ ಮೂರು ಸಾಲಿನ ಪಟ್ಟಿ ಇರಲಿ: ಊರಿನ ಪದ, ರಾಜ್ಯಭಾಷೆಯ ಪದ, ಕನ್ನಡ ಲಿಪಿಯಲ್ಲಿ ಇಂಗ್ಲಿಷ್ ಪದ. ಪ್ರತಿ ಸಭೆಯ ಬಳಿಕ ಹತ್ತು ಪದಗಳು ಸೇರಿದರೆ, ಮೂರು ವರ್ಷಗಳಲ್ಲಿ ಆ ಶಾಲೆಗೆ ತನ್ನದೇ ಆದ ತಾಂತ್ರಿಕ ಪದಕೋಶ ಸಿದ್ಧವಾಗುತ್ತದೆ. ಮೇಲಿನ ತರಗತಿಗೆ, ಬೇರೆ ಮಾಧ್ಯಮಕ್ಕೆ ಹೋಗುವ ವಿದ್ಯಾರ್ಥಿಯ ಕೈಯಲ್ಲಿ ಅದರ ಪ್ರತಿಯೊಂದನ್ನು ಇಟ್ಟು ಕಳುಹಿಸಬೇಕು.

ಕನ್ನಡ ಶಾಲೆಯಲ್ಲಿ ಓದಿದವರೆಲ್ಲರೂ ಎಂಜಿನಿಯರುಗಳಾಗಬೇಕೆಂಬುದು ಇದರ ಉದ್ದೇಶವಲ್ಲ. ಆಗಬಯಸುವವರು ಭಾಷೆಯ ಅಳುಕಿನಿಂದ ಹಿಂಜರಿಯಬಾರದು. ಆಗದವರೂ ತಮ್ಮ ಊರಿನ ಅಣೆಕಟ್ಟಿನ, ಕಾಲುವೆಯ, ರಸ್ತೆಯ ವಿಷಯದಲ್ಲಿ ಎದ್ದು ನಿಂತು ಪ್ರಶ್ನೆ ಕೇಳಬಲ್ಲ ನಾಗರಿಕರಾಗಬೇಕು. ಬರಲಿರುವ ಸೆಪ್ಟೆಂಬರ್ ತಿಂಗಳಲ್ಲಿ ಪ್ರತಿ ಕನ್ನಡ ಶಾಲೆಯಿಂದ ಒಂದು ಪತ್ರ ಹೋಗಲಿ, ಒಂದು ತಂಡ ಸಭೆಗೆ ಹೋಗಲಿ, ಒಂದು ಪ್ರಶ್ನೆಯಾದರೂ ಕನ್ನಡದಲ್ಲಿ ಕೇಳಿಬರಲಿ. ಇಷ್ಟು ಕೆಲಸ ಅಧ್ಯಾಪಕರ ಕೈಯಲ್ಲಿಯೇ ಇದೆ.